ಗಂಟಲಿನ ಮೇಲೆ ಬೆರಳು

ಅತ್ತೆಗೆ ಪಾರ್ಶ್ವವಾಯು ಬಡಿದು ಐದು ವಾರವಾಗಿತ್ತು. ಆಹಾರ ಇಳಿಸುತ್ತಿದ್ದ ಮೂಗಿನ ನಳಿಕೆ ತೆಗೆದು ಮನೆಗೆ ಕಳಿಸಿ ಒಂದು ವಾರ. ನೆತ್ತಿಗೇರದಂತೆ ನೀರಿಗೆ ಆಸ್ಪತ್ರೆಯವರು ಕೊಟ್ಟ ಪುಡಿ ಬೆರೆಸಿ ಗಟ್ಟಿ ಮಾಡಿ ಚಮಚದಲ್ಲಿ ಕುಡಿಸಬೇಕಿತ್ತು. ನಾನು ಕುಡಿಸಿದಾಗಲೆಲ್ಲ ಕೆಮ್ಮುತ್ತಿದ್ದರು. ಆಮೇಲೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು. ಇವತ್ತೂ ನೀರು ಇಳಿಯದಿದ್ದರೆ ಸಂಜೆ ಮತ್ತೆ ಆಸ್ಪತ್ರೆ, ಮತ್ತೆ ನಳಿಕೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಕಳೆದ ಸಲ ಅತ್ತೆ ಅದನ್ನು ಎರಡು ಬಾರಿ ಕಿತ್ತೆಸೆದಿದ್ದರು. ಮೂರನೆಯ ಸಲ, ಅವರಿಗೆ ಸ್ವಾಧೀನವಿದ್ದ ಒಂದೇ ಕೈಯನ್ನು ನರ್ಸುಗಳು ಮಂಚಕ್ಕೆ ಕಟ್ಟಿದ್ದರು.

ಹತ್ತು ಗಂಟೆಗೆ ಥೆರಪಿಸ್ಟ್ ಬಂದರು. ನುಂಗುವುದನ್ನು ಕಲಿಸುವುದೇ ಅವರ ಕೆಲಸ. ಆಸ್ಪತ್ರೆಯಲ್ಲಿದ್ದಾಗಲೇ ಅತ್ತೆ ಅವರಿಗೆ ಚಮಚದ ಮೇಡಂ ಎಂದು ಹೆಸರಿಟ್ಟಿದ್ದರು. ಮನೆಗೆ ಬಂದಿದ್ದು ಇದೇ ಮೊದಲು.

"ಹೇಗೆ ಕುಡಿಸ್ತೀರಿ, ತೋರಿಸಿ."

ನಾನು ಕುರ್ಚಿಯ ಪಕ್ಕ ನಿಂತು ಚಮಚ ಚಾಚಿದೆ. ಅತ್ತೆ ತಲೆ ಎತ್ತಿದರು.

"ತಡೀರಿ, ತಡೀರಿ. ನೀವು ಕೂತ್ಕೊಳ್ಳಲ್ವಾ?"

ಗಂಡ ತೀರಿಕೊಂಡ ಏಳು ತಿಂಗಳಿಂದ ನಾನು ಕೂತು ಉಂಡಿರಲಿಲ್ಲ. ಒಲೆಯ ಪಕ್ಕದಲ್ಲೇ ನಿಂತು ನಾಲ್ಕು ತುತ್ತು ತಿಂದು ತಟ್ಟೆ ತೊಳೆದಿಡುತ್ತಿದ್ದೆ. ಕುಡಿಸುವುದೂ ಹಾಗೇ ಆಗಿಹೋಗಿತ್ತು.

"ನೀವು ನಿಂತ್ರೆ ಅವರು ತಲೆ ಎತ್ತಲೇಬೇಕು. ತಲೆ ಎತ್ತಿದ್ರೆ ನೀರು ಉಸಿರಿನ ದಾರಿಗೆ ಇಳಿಯುತ್ತೆ."

ಚಾಚಿದ ಚಮಚವನ್ನು ಹಿಂದಕ್ಕೆಳೆದುಕೊಂಡೆ. ಒಂದು ವಾರ, ನನ್ನ ಕೈಯಾರೆ.

"ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಬಿಡಿ. ಬೆಳಗ್ಗೆ ನೀವೇನು ತಿಂದ್ರಿ?"

ಅತ್ತೆ ಬಾಯಿಯ ಬಲಮೂಲೆಯಿಂದ ತೊದಲಿದರು, "ಏನೂ ಇಲ್ಲ. ನಿಂತೇ ಇರೋ ಕಂಬ ಅದು. ಕಂಬಕ್ಕೆ ಹಸಿವಾ?"

ಮೇಡಂ ನಕ್ಕರು. "ಅಮ್ಮನಿಗೆ ಬೈಯೋಕೆ ಶಕ್ತಿ ಇದೆ. ಒಳ್ಳೇದು. ಹೋಗಿ, ನಿಮಗೂ ಒಂದು ಲೋಟ ನೀರು ತನ್ನಿ."

ನೀರು ತಂದಿಟ್ಟು ಗಿಡ್ಡ ಸ್ಟೂಲಿನ ಮೇಲೆ ಕೂತೆ. ಅತ್ತೆಯ ಕಣ್ಣು ನನ್ನ ಕಣ್ಣಿಗಿಂತ ಮೇಲಿತ್ತು. ಗದ್ದ ತಾನಾಗಿ ಕೆಳಗಿಳಿಯಿತು. ಮೇಡಂ ನನ್ನ ಎರಡು ಬೆರಳನ್ನು ಅತ್ತೆಯ ಗಂಟಲಿನ ಮೇಲಿಟ್ಟರು. ಚಮಚ ಒಳಗೆ ಹೋಯಿತು. ಏನೂ ಆಗಲಿಲ್ಲ.

ಆಮೇಲೆ ಬೆರಳಿನ ಕೆಳಗೆ ಗಂಟಲಿನ ಗುಬುಟು ಎದ್ದಿತು. ಮೇಲಕ್ಕೆ ಹೋಯಿತು, ಕ್ಷಣ ನಿಂತಿತು, ಇಳಿಯಿತು.

"ಒಂದು ಗುಟುಕಿಗೆ ಮೂವತ್ತು ಸ್ನಾಯು," ಎಂದರು ಮೇಡಂ ಮೆಲ್ಲಗೆ. "ಒಂದಾದ ಮೇಲೊಂದು, ಒಂದೇ ಸೆಕೆಂಡಿನಲ್ಲಿ. ಈಗ ಮಾತಾಡಿಸಿ. ದನಿ ಗೊರಗೊರ ಅಂದ್ರೆ ನೀರು ಅಲ್ಲೇ ನಿಂತಿದೆ ಅಂತ."

ಅತ್ತೆ ಕೆಮ್ಮಲಿಲ್ಲ. ನಾನು ಮಾತಾಡಿಸುವ ಮೊದಲೇ ಬಲಗೈ ಚಾಚಿ ನನ್ನ ಕುತ್ತಿಗೆ ತಡವಿದರು.

"ನೀನು ಕುಡಿಯೇ. ನಾನೂ ನೋಡ್ತೀನಿ."

ಪದಗಳು ತೊದಲಿದ್ದವು. ದನಿ ಮಾತ್ರ ಸ್ವಚ್ಛವಾಗಿತ್ತು.

ಕುಡಿದೆ. ಅವರ ಹೆಬ್ಬೆರಳಿನ ಕೆಳಗೆ ನನ್ನದೂ ಎದ್ದು ಇಳಿಯಿತು. ಇಷ್ಟು ತಿಂಗಳೂ ನನ್ನನ್ನು ಕೇಳದೆ ಅದು ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇತ್ತು.

"ಹೂಂ. ಇಳೀತು," ಎಂದರು ಅತ್ತೆ.

ಅರ್ಧ ಲೋಟಕ್ಕೆ ನಲವತ್ತು ನಿಮಿಷ ಹಿಡಿಯಿತು. ಮೇಡಂ ಡಾಕ್ಟರಿಗೆ ಫೋನ್ ಮಾಡಿ ಬಂದು, "ಇವತ್ತು ಆಸ್ಪತ್ರೆಗೆ ಬರೋದು ಬೇಡ್ವಂತೆ," ಎಂದರು. ನಾನು ತಲೆಯಾಡಿಸಿದೆ. ಬೆರಳು ತೆಗೆಯಲಿಲ್ಲ. ಇನ್ನೊಂದು ಚಮಚ ಇಳಿಯುವುದರಲ್ಲಿತ್ತು.