ಬೇಲಿಗೆ ಬಿಟ್ಟ ಮೆಟ್ಟು

ಜಪಾನಿನವರು ಮಲಯ ಹಿಡಿದ ಮೇಲೆ ಮೂಡಲಗಿಯಲ್ಲಿ ರಬ್ಬರಿಗೂ ಬರ ಬಂತು. ಚಪ್ಪಲಿಗೆ ಅಟ್ಟೆ ಮಾಡುವ ಮಾಲಿಂಗಪ್ಪ ಹಳೆಯ ಟಯರು, ಟ್ಯೂಬು ಅರೆದು, ಆ ಪುಡಿಯನ್ನು ಚೂರು ಹೊಸ ರಬ್ಬರಿಗೆ ಗಂಧಕದೊಡನೆ ನಾದಿ, ಕಾದ ಅಚ್ಚಿನಲ್ಲಿ ಒತ್ತತೊಡಗಿದ. ಪುಡಿ ಹೆಚ್ಚಾದರೆ ಅಟ್ಟೆ ಬಿರುಸಾಗುತ್ತದೆ, ಬಾಗುವುದಿಲ್ಲ. ಕಡೆಗೆ ಹಳೆಯ ಟಯರೂ ಸಿಗದಾದಾಗ ಅವನ ಕಣ್ಣು ಸ್ಮಶಾನದ ಬೇಲಿಯ ಮೇಲೆ ಬಿತ್ತು. ಸತ್ತವರ ಮೆಟ್ಟುಗಳನ್ನು ಅಲ್ಲಿ ಬಿಟ್ಟು, ತಿರುಗಿ ನೋಡದೆ ಬರುವುದು ಊರಿನ ರೂಢಿ. ಮಾಲಿಂಗಪ್ಪ ತಿರುಗಿ ಹೋಗಿ ಚೀಲ ತುಂಬಿಕೊಂಡು ಬಂದ. ತಮ್ಮನ ಜೋಡೂ ಅದರಲ್ಲಿದೆಯೇ ಎಂದು ನೋಡುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿ ಅರೆದ.

ತಮ್ಮ ಮಾಯಪ್ಪ ಹೋದ ಮಳೆಗಾಲದಲ್ಲಿ ವಾಂತಿಭೇದಿಯಿಂದ ತೀರಿಕೊಂಡಿದ್ದ. ಕುರುಡಿ ತಾಯಿ ಯಮನವ್ವ ಅದನ್ನು ನಂಬಲೊಲ್ಲಳು. ಎರಡು ಗುಟುಕು ಗಂಜಿಯ ಮೇಲೆ ಜೀವ ಹಿಡಿದಿದ್ದಳು. ಯಾರು ಬಂದರೆಂದು ಹೆಜ್ಜೆಯ ಸಪ್ಪಳದಿಂದಲೇ ಹೇಳುವವಳು. ಮಾಲಿಂಗಪ್ಪನೋ, ಊರಿನ ಯಾರ ನಡಿಗೆಯನ್ನಾದರೂ ಅಣಕಿಸಿ ನಗಿಸುವವ. ಎಡಗಾಲು ಎಳೆಯುತ್ತಿದ್ದ ಕುಂಟ ತಮ್ಮನದೊಂದನ್ನು ಬಿಟ್ಟು.

ಹೊಸ ಅಟ್ಟೆಯ ಮೊದಲ ಜೋಡನ್ನು ತಾನೇ ಮೆಟ್ಟಿ ಮನೆಗೆ ಬಂದ. ಎಡಗಾಲಿನದು ಬಾಗಲೊಲ್ಲದೆ ನೆಲ ಸವರುತ್ತಿತ್ತು. ಟಪ್... ಸರ್ರ. ಟಪ್... ಸರ್ರ.

"ಮಾಯ್ಯಾ, ಬಂದ್ಯೇನೋ?" ಯಮನವ್ವ ಎದ್ದು ಕೂತಳು. "ಗೌರೀ, ರೊಟ್ಟಿ ಬಡಿ. ಹಸದ ಬಂದಾನ!"

ಅಂದು ಅವಳೂ ಒಂದು ರೊಟ್ಟಿ ತಿಂದಳು.

"ಖರೆ ಹೇಳಿಬಿಡ್ರಿ," ಹೆಂಡತಿ ಗೌರವ್ವ ಪಿಸುಗುಟ್ಟಿದಳು.

"ಹೇಳಿದ್ರ ಮತ್ತ ಉಣ್ಣೋದು ಬಿಡ್ತಾಳ. ಸತ್ತ ಹೋಗ್ತಾಳ."

ದಿನಾ ಅದೇ ಜೋಡು ಮೆಟ್ಟಿದ. ಯಮನವ್ವನ ಕೆನ್ನೆಗಳು ತುಂಬಿಕೊಂಡವು. ಅಂಗಡಿಯಲ್ಲಿ ಗೆಳೆಯ ದುಂಡಪ್ಪ ಕೆಣಕಿದ: "ಮೆಟ್ಟು ನೀ ಮೆಟ್ಕೊಂಡಿಯೋ, ಮೆಟ್ಟ ನಿನ್ನ ಮೆಟ್ಕೊಂಡಾವೋ?"

ಮಾಲಿಂಗಪ್ಪ ನಕ್ಕ. ಥೇಟ್ ಮಾಯಪ್ಪನದೇ ಆದ ಆ ನಗು ಕೇಳಿ ದುಂಡಪ್ಪ ತನ್ನ ನಗು ನುಂಗಿದ.

ಅಂದು ಮಧ್ಯಾಹ್ನವೇ ಮಾಲಿಂಗಪ್ಪ ಆ ಜೋಡನ್ನು ಬೇಲಿಗೆ ಬಿಟ್ಟು, ತಿರುಗಿ ನೋಡದೆ, ಬರಿಗಾಲಲ್ಲಿ ಮನೆಗೆ ಬಂದ. ತನ್ನದೇ ಹೆಜ್ಜೆ ಗಟ್ಟಿಯಾಗಿ ಊರುತ್ತ ಅಂಗಳ ದಾಟಿದ. ಯಮನವ್ವ ಊಟಕ್ಕೆ ಕೂತಿದ್ದಳು.

"ಮಾಯ್ಯಾ, ಬರಿಗಾಲಾಗ ಯಾಕ ಬಂದಿ? ಮುಳ್ಳ ನಟ್ಟೀತು."

"ಯವ್ವಾ, ನಾ ಮಾಲಿಂಗ."

"ಅಣ್ಣನ್ನ ಅಣಕಸಬ್ಯಾಡೋ," ಅವಳು ನಕ್ಕಳು. ಮರುಗಳಿಗೆ ಮುಖ ಬಾಡಿತು. "ಅವ ಮನಿಗೆ ಬಂದು ಬಾಳ ದಿನಾ ಆತಲ್ಲ. ಎಲ್ಲಿ ಹೋಗ್ಯಾನ?"

ಮಾಲಿಂಗಪ್ಪ ಹೆಂಡತಿಯತ್ತ ನೋಡಿದ. ಗೌರವ್ವ ನೆಲ ನೋಡುತ್ತಿದ್ದಳು. ಈಗಷ್ಟೇ ಸಾರಿಸಿದ ನೆಲದ ಮೇಲೆ, ಹೊಸ್ತಿಲಿನಿಂದ ಅವನ ಎಡಗಾಲಿನವರೆಗೆ, ಎಳೆದ ಗೀರು.

ಯಮನವ್ವ ತಾಟನ್ನು ದೂರ ಸರಿಸಿದಳು.

"ಮಾಲಿಂಗ ಬರೂತನಕ ನಾ ಉಣ್ಣಂಗಿಲ್ಲ."