ಬಾಸ್ ಸೆಲೋಮ್‌ಗೆ ಕೊರೆದ ಶಿಲುಬೆ

ಶಾಲೆಯ ಅಡುಗೆಮನೆಯ ಹಿತ್ತಲಲ್ಲಿ ಮಿಮೋಜ್ ಪಾತ್ರೆಯ ತಳಕ್ಕೆ ಹತ್ತಿದ ಜೋಳದ ಗಂಜಿಯನ್ನು ಕೆರೆಯುತ್ತ ಕೂತಿದ್ದಾಗ ಎಲ್ವೀರ್ ಬಂದು ನಿಂತರು. ಅವರ ಗಂಡ, ಕೇರಿಯವರೆಲ್ಲ ಗುರುವೆಂದು ಬಾಸ್ ಅನ್ನುತ್ತಿದ್ದ ಸೆಲೋಮ್, ತೀರಿಕೊಂಡು ಎರಡು ದಿನವಾಗಿತ್ತು. ಶನಿವಾರ ಮಣ್ಣು. ಅಷ್ಟರೊಳಗೆ ಶಿಲುಬೆ ಆಗಬೇಕು ಅಂದರು.

ನೊವಾಯ್ ಕೇರಿಯಲ್ಲಿ ತಗಡು ಕೊರೆದು ಚಿತ್ರ ಮಾಡುವ ಕೆಲಸಗಾರ ಸತ್ತರೆ ಅವನ ಗೋರಿಯ ತಗಡಿನ ಶಿಲುಬೆಯನ್ನು ಅವನ ಕೈಯಲ್ಲಿ ಕಲಿತವರೇ ಕೊರೆಯಬೇಕು. ಬಾಸ್ ಹತ್ತಿರ ಕಲಿತವರು ಮೂವರು. ಒಬ್ಬ ಚಿಲಿಗೆ ಹೋಗಿ ಸೇರಿದ್ದ, ಒಬ್ಬ ಮಣ್ಣು ಸೇರಿದ್ದ. ಉಳಿದವಳು ಮಿಮೋಜ್. ಅವಳು ಬಾಸ್ ಕೆಲಸ ಮಾಡುತ್ತಿದ್ದ ಅಂಗಳಕ್ಕೆ ಕಾಲಿಟ್ಟು ಎರಡು ವರ್ಷವಾಗಿತ್ತು.

ಹತ್ತೊಂಬತ್ತರ ವಯಸ್ಸಿಗೆ ಅವಳು ಅಲ್ಲಿಗೆ ಹೋದಾಗ ಬಾಸ್ ಆರು ತಿಂಗಳು ಉಳಿಯನ್ನೇ ಮುಟ್ಟಗೊಡಲಿಲ್ಲ. ಎಣ್ಣೆ ಪೀಪಾಯಿಯೊಳಗೆ ಒಣ ಬಾಳೆಲೆ ತುಂಬಿ ಸುಡು, ಬಣ್ಣ ಹೋಗಲಿ. ಸೀಳು, ಹಾಸು, ಬಡಿ, ಇಷ್ಟೇ ಅವರ ಮಾತು. ಆಮೇಲೆ ಉಳಿ ಕೊಟ್ಟರು. ಅವಳು ಕೊರೆದ ಮೊದಲ ಹಕ್ಕಿಯ ಕಣ್ಣು ಟಣ್ಣೆಂದು ಕಳಚಿ ನೆಲಕ್ಕೆ ಬಿತ್ತು. ಸುತ್ತ ಪೂರ್ತಿ ಕೊರೆದುಬಿಟ್ಟಿದ್ದಳು. ಎಲ್ಲೋ ಒಂದು ಕಡೆ ಬೆರಳಗಲ ತಗಡು ಕೊರೆಯದೆ ಬಿಡಬೇಕಂತೆ, ಅದಕ್ಕೆ ಕೇರಿಯವರು ಸೇತುವೆ ಅನ್ನುತ್ತಿದ್ದರು. ಬಾಸ್ ಆ ಕಣ್ಣನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು, ತೆಗೆಯೋದು ಯಾರಾದ್ರೂ ತೆಗೀತಾರೆ, ಏನನ್ನ ಬಿಡಬೇಕು ಅಂತ ನೋಡು ಅಂದಿದ್ದರು.

ಗಂಡ ಎರಡು ಮಕ್ಕಳನ್ನು ಬಿಟ್ಟು ನಡೆದ ವರ್ಷ ಅವಳು ಬಂಡೆ ಒಡೆಯುವವಳ ಹಾಗೆ ಬಡಿಯುತ್ತಿದ್ದಳು. ಬಾಸ್ ತಮ್ಮ ಮೂಲೆಯಿಂದಲೇ ಹೇಳಿದ್ದರು: "ಮಗಳೇ, ಅದು ನಿನ್ನ ಗಂಡನ ತಲೆ ಅಲ್ಲ. ಪಾಪದ ತಗಡು, ಅದೇನು ಮಾಡಿದೆ ನಿಂಗೆ?" ಅವಳು ನಕ್ಕಿದ್ದಳು, ನಗುತ್ತಲೇ ಅತ್ತಿದ್ದಳು. ಅವತ್ತು ಮಕ್ಕಳಿಗೂ ಸೇರಿಸಿ ಎಲ್ವೀರ್ ಅನ್ನ, ಹುರುಳಿ ಬಡಿಸಿದರು. ಆಮೇಲೆ ಎಷ್ಟೋ ದಿನ ಮಕ್ಕಳ ಊಟ ಅಲ್ಲೇ.

ಆಮೇಲೆ ಬಾಸ್ ಕಣ್ಣಿಗೆ ಪೊರೆ ಬಂತು. ತೋರಿಸಿಕೊಳ್ಳುತ್ತಿರಲಿಲ್ಲ. ಆಳೆತ್ತರದ ಮತ್ಸ್ಯಕನ್ಯೆಯೊಂದನ್ನು ಕೊರೆಯುವಾಗ ಅದರ ಮುಖಕ್ಕೆ ಸೇತುವೆ ಬಿಡಲು ಮರೆತರು. ಮುಖ ಕಳಚಿ ಬಿದ್ದಾಗ ಅವರು ನೀರು ಕುಡಿಯಲು ಒಳಗೆ ಹೋಗಿದ್ದರು. ಮಿಮೋಜ್ ಅವಸರದಲ್ಲಿ ಅದನ್ನೆತ್ತಿ, ಹಿಂದಿನಿಂದ ಬೆಸುಗೆ ಹಾಕಿ, ಮೇಲೆ ಮೆರುಗೆಣ್ಣೆ ಬಳಿದಳು. ಮುದುಕರು ನೊಂದುಕೊಳ್ಳದಿರಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ವಾರದ ಮೇಲೆ ಬಾಸ್ ತಗಡಿನ ಬೆನ್ನ ಮೇಲೆ ಕೈಯಾಡಿಸಿದರು. ಬೆರಳು ಬೆಸುಗೆಯ ಗಂಟಿನ ಮೇಲೆ ನಿಂತಿತು.

"ನಾನಿನ್ನೂ ಸತ್ತಿಲ್ಲ ಕಣೇ," ಅಂದರು. "ಅಷ್ಟರಲ್ಲೇ ಮಣ್ಣು ಮುಚ್ಚಿಬಿಟ್ಟೆಯಲ್ಲ."

ಬೈದಿದ್ದರೆ ಮರುದಿನ ಹೋಗುತ್ತಿದ್ದಳೋ ಏನೋ. ಅವರು ಬೈಯಲಿಲ್ಲ. ಇವಳು ಹೋಗಲಿಲ್ಲ. ಚಿಕ್ಕವನಿಗೆ ಜ್ವರ, ಶಾಲೆಯ ಅಡುಗೆ ಕೆಲಸ, ಮಳೆ, ಹೀಗೆ ಒಂದೊಂದು ನೆಪಕ್ಕೆ ಒಂದೊಂದು ತಿಂಗಳು ಕಳೆಯಿತು. ಅವರು ಹಾಸಿಗೆ ಹಿಡಿದರೆಂಬ ಸುದ್ದಿ ಬಂದಾಗಲೂ ಭಾನುವಾರ ಹೋದರಾಯಿತು ಅಂದುಕೊಂಡಳು. ಅಂಥ ನಾಲ್ಕು ಭಾನುವಾರ ದಾಟಿದವು.

ಈಗ ಮಸಿಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅವಳು ಕೇಳಿಯೇಬಿಟ್ಟಳು.

"ಅಮ್ಮಾ, ಅವರು ನನ್ನ ಹೆಸರು ಹೇಳಿದ್ರಾ? ನಾನೇ ಕೊರೀಲಿ ಅಂತ?"

ಎಲ್ವೀರ್ ಅವಳ ಮುಖ ನೋಡಿದರು.

"ಇಲ್ಲ ಮಗಳೇ. ಹೇಳಿದ್ರು ಅಂದ್ರೆ ನಿಂಗೆ ಹಗುರ ಆಗ್ತಿತ್ತು, ಗೊತ್ತು. ಹೇಳಲಿಲ್ಲ. ಬಾಗಿಲ ಕಡೆ ನೋಡ್ತಿದ್ರಾ ಅಂತಾನೂ ಕೇಳ್ಬೇಡ. ಅವರಿಗೆ ಬಾಗಿಲೇ ಕಾಣ್ತಿರಲಿಲ್ಲ."

ಮಿಮೋಜ್ ತಲೆ ತಗ್ಗಿಸಿದಳು. ಬರುತ್ತೇನೆ ಅಂದಳು.

ಕೆಲಸಗಾರ ಸತ್ತರೆ ಮಣ್ಣಾಗುವ ತನಕ ಕೇರಿಯಲ್ಲಿ ಯಾರೂ ಸುತ್ತಿಗೆ ಎತ್ತುವುದಿಲ್ಲ. ಶಿಲುಬೆಯ ಸುತ್ತಿಗೆಯೊಂದೇ ಸದ್ದು ಮಾಡಬೇಕು. ಹಾಗಾಗಿ ಗುರುವಾರ ಸಂಜೆ ಬಾಸ್ ಅಂಗಳದಲ್ಲಿ ಅವಳು ಹೊಡೆದ ಮೊದಲ ಏಟು ಇಡೀ ನೊವಾಯ್‌ಗೆ ಕೇಳಿಸಿತು. ಎರಡನೆಯದು ಜಾರಿತು, ಅದೂ ಕೇಳಿಸಿತು. ಕೈಗೆ ಅಭ್ಯಾಸ ತಪ್ಪಿತ್ತು. ಅವಳು ನಿಂತರೆ ಕೇರಿಯೂ ಉಸಿರು ಹಿಡಿದು ನಿಂತಂತಾಗುತ್ತಿತ್ತು. ಪಕ್ಕದ ಅಂಗಳದ ಫಾನ್‌ಫಾನ್ ಬೇಲಿಗೆ ಆತುಕೊಂಡು, ಎರಡು ವರ್ಷ ಸಿಗದ ದಾರಿ ಈಗ ಹೇಗಮ್ಮಾ ಸಿಕ್ತು ಅಂತ ಕೇಳಿದ. ಅವಳು ಉಳಿಯನ್ನು ಮತ್ತೆ ಗೆರೆಯ ಮೇಲಿಟ್ಟಳು. ಅವನು, ಉಳಿ ಮೊಂಡಾಗಿದೆ, ಮಸೆ ಅದನ್ನ, ಎಂದು ಹೇಳಿ ಹೋದ.

ಶುಕ್ರವಾರ ಶಾಲೆಗೆ ರಜೆ ಹೇಳಿ ದಿನವಿಡೀ ಕೊರೆದಳು. ಬಳ್ಳಿ, ಎಲೆ, ನಡುವೆ ಒಂದು ಸೂರ್ಯ. ಪ್ರತಿ ಏಟಿಗೂ, ನನ್ನ ಮೇಲೆ ಸಿಟ್ಟಿತ್ತಾ, ಇನ್ನೂ ಇದೆಯಾ ಅಂತ ಮನಸ್ಸಿನಲ್ಲೇ ಬಾಸ್ ಅವರನ್ನು ಕೇಳುತ್ತಲೇ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಕೇಳುವುದನ್ನು ಬಿಟ್ಟಳು. ಮನಸ್ಸು ಸಮಾಧಾನವಾಗಿ ಅಲ್ಲ. ಸೂರ್ಯನ ಕಿರಣಗಳ ಹತ್ತಿರ ತಗಡು ತೆಳುವಾಗಿತ್ತು, ಕಣ್ಣು ಅಲ್ಲೇ ನೆಟ್ಟಿರಬೇಕಿತ್ತು.

ಶನಿವಾರ ಶಿಲುಬೆಯನ್ನು ಸಿಮೆಂಟಿನಲ್ಲಿ ನಿಲ್ಲಿಸಿದರು. ಯಾರೂ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ಜನ ಚದುರಿದ ಮೇಲೆ ಎಲ್ವೀರ್ ಬಟ್ಟೆಯಲ್ಲಿ ಸುತ್ತಿದ ಬಾಸ್ ಅವರ ಉಳಿಗಳನ್ನು ಅವಳ ಮುಂದೆ ಹಿಡಿದರು.

"ಇವನ್ನ ನಂಗೆ ಕೊಡು ಅಂತ ಅವರು ಹೇಳಿದ್ರಾ?"

"ಅವರು ಏನೂ ಹೇಳಿಲ್ಲ ಅಂದೆನಲ್ಲ. ನಾನು ಕೊಡ್ತಿದೀನಿ."

ಮಿಮೋಜ್ ಗೋರಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈ ಚಾಚಿ, ಕೊಟ್ಟವರಿಂದ ತೆಗೆದುಕೊಂಡಳು.