ನಾಲ್ಕನೆಯ ಮೂಲೆ

ಶವ ಹೊರುವ ಮಯ್ಯಿತ್ ಮಂಚ ಎತ್ತುವಾಗ ಮೂರು ಮೂಲೆಗಳು ಮೇಲೆದ್ದವು, ನಾಲ್ಕನೆಯದು ಏಳಲಿಲ್ಲ. ಅಲ್ಲಿ ಶಹೀರ್ ಎರಡೂ ಕೈ ಊರಿ ನಿಂತಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಇದಿನಬ್ಬರ ದೇಹ ಅವನ ಕಡೆಗೆ ಜಾರಿತು.

"ಎಂತ ಮಾರಾಯ, ಎತ್ತು," ಎಂದರು ಹಿಂದೆ ನಿಂತಿದ್ದ ಮಜೀದಾಕ. "ಬಿಸಿಲು ಕಾಣುದಿಲ್ವಾ?"

"ನನ್ನ ಉಪ್ಪನಿಂದ ಯಾರಿಗಾದ್ರೂ ಅನ್ಯಾಯ ಆಗಿದ್ರೆ ಮಾಫ್ ಮಾಡಿ ಅಂತ ಮಗ ಕೇಳಿದ. ನೀವೆಲ್ಲ ಮಾಡಿದ್ರಿ. ನಾನು ಮಾಡ್ಲಿಲ್ಲ."

ಮಂಚವನ್ನು ಮತ್ತೆ ಮಸೀದಿಯ ಅಂಗಳಕ್ಕೆ ಇಳಿಸಿದರು. ಇದಿನಬ್ಬರ ಮಗ ಮುಝಫ್ಫರ್ ತಲೆ ಎತ್ತಲಿಲ್ಲ. ಗೇಟಿನಾಚೆ ಅವರಿಗೆ ವೀಸಾ, ಕೆಲಸ ಕೊಟ್ಟ ಧಣಿ ಕಫೀಲನ ಕಾರು ಏಸಿ ಹಾಕಿಕೊಂಡು ನಿಂತಿತ್ತು.

*

ಇದಿನಬ್ಬರು ಸೌದಿಯ ಜುಬೈಲಿನಲ್ಲಿ ಕಫೀಲನ ಗೋದಾಮು ಕಾಯುತ್ತಿದ್ದರು. ಸಂಬಳ ಊರಿಗೆ ಕಳಿಸುತ್ತಿದ್ದರು, ಶುಕ್ರವಾರ ಮೀನು ತರುತ್ತಿದ್ದರು, ಯಾರೊಂದಿಗೂ ಜಗಳವಾಡಿದವರಲ್ಲ. ಕೋರ್ಟಿನಲ್ಲಿ ಒಂದೇ ಒಂದು ವಾಕ್ಯ ಹೇಳಿದ್ದರು: ಗೋದಾಮಿನ ತಾಮ್ರದ ಕೇಬಲ್ ಕದ್ದು ಸಾಗಿಸಿದ್ದು ಲಾರಿಯ ಅಝೀಝ್. ಅಝೀಝ್ ಶಹೀರನ ಅಣ್ಣ; ಅವನಿಗೆ ಎಂಟು ವರ್ಷ ಜೈಲಾಯಿತು.

ಸಾಗಿಸಿದ್ದು ಕಫೀಲನ ತಮ್ಮನೆಂದು ಆಮೇಲೆ ಒಂದು ದಿನ ಇದಿನಬ್ಬರೇ ಊಟದ ನಡುವೆ ಶಹೀರನೆದುರು ಒಪ್ಪಿಕೊಂಡರು. ಅಂದಿನಿಂದ ಶಹೀರ್ ಪ್ರತಿ ಶುಕ್ರವಾರ ಅವರ ಕೋಣೆಗೆ ಹೋಗಿ ಉಂಡ. ಬೂತಾಯಿ ಮೀನಿನ ಸಾರು ಚೆನ್ನಾಗಿದೆ ಎಂದ. ಉಪ್ಪು ಕಮ್ಮಿಯಿದ್ದಾಗಲೂ ಹಾಗೇ ಎಂದ. ಸಾಕ್ಷಿ ಮುನಿಸಿಕೊಳ್ಳಬಾರದು.

ಮರುವಿಚಾರಣೆಯ ಅರ್ಜಿ ವಜಾ ಆಯಿತು. ಸಾಕ್ಷಿ ಖುದ್ದಾಗಿ ಬಂದು ಮಾತು ಬದಲಿಸಿಲ್ಲ, ಹೊಸದೇನೂ ಇಲ್ಲ ಎಂದಿತು ಆದೇಶ. ಅದರ ಮೇಲೆ ಮೇಲ್ಮನವಿ ಹಾಕಿದರು.

"ಮೇಲಿನ ಕೋರ್ಟಿಗೆ ಬರ್ತೇನೆ ಮಾರಾಯ," ಎಂದಿದ್ದರು ಇದಿನಬ್ಬರು. "ಮುಝಫ್ಫರನ ಇಕಾಮಾ ಒಂದು ಆಗ್ಲಿ, ಅವನಿಗೆ ಇಲ್ಲಿ ಇರ್ಲಿಕ್ಕೆ ಪರ್ಮಿಟ್ ಬೇಕಲ್ಲ. ಅದೂ ಕಫೀಲನ ಕೈಯಲ್ಲೇ ಉಂಟಲ್ಲ. ಮೀನು ಹಾಕಿಕೋ."

ಪಕ್ಕದಲ್ಲಿ ಮುಝಫ್ಫರ್ ಮುಳ್ಳು ಬಿಡಿಸುತ್ತ ಕೇಳಿಸಿಕೊಂಡಿದ್ದ.

ಕಳೆದ ವಾರ ಇಕಾಮಾ ಬಂತು. ಮರುದಿನ ಇದಿನಬ್ಬರು ಗೋದಾಮಿನ ಬಾಗಿಲಲ್ಲಿ ಕುಸಿದುಬಿದ್ದು ಸತ್ತರು.

*

"ಅಷ್ಟು ಶುಕ್ರವಾರ ಅವರ ಮೀನು ತಿಂದೆಯಲ್ಲ," ಎಂದರು ಮಜೀದಾಕ. "ಅದು ಹಲಾಲ್ ಆಯ್ತಾ?"

ಯಾರೋ ಮೂಗಿನಲ್ಲಿ ನಕ್ಕರು. ಶಹೀರ್ ಮುಝಫ್ಫರನನ್ನೇ ನೋಡುತ್ತಿದ್ದ.

"ಭಾನುವಾರ ಮೇಲಿನ ಕೋರ್ಟಿನಲ್ಲಿ ವಿಚಾರಣೆ. ನಾನು ಅಝೀಝನ ಸ್ವಂತ ತಮ್ಮ, ನನ್ನ ಮಾತು ನಡೆಯುದಿಲ್ಲ, ಸತ್ತವರ ಮಗ ಬಂದು ಹೇಳಿದ್ರೆ ನ್ಯಾಯಾಧೀಶರು ಕೇಳಬಹುದು ಅಂತ ವಕೀಲರು ಹೇಳಿದ್ದಾರೆ. ಉಪ್ಪ ನಿನ್ನ ಮುಂದೆ ಎಂತ ಹೇಳಿದ್ರೋ ಅದನ್ನು ಅಲ್ಲಿ ಹೇಳು. ಬರ್ತೇನೆ ಅಂತ ಈಗ ಇವರ ಮುಂದೆ ಒಂದು ಮಾತು ಕೊಡು. ನಾನು ಮಾಫ್ ಮಾಡ್ತೇನೆ. ಅಣ್ಣನ ಪರವಾಗಿಯೂ ನಾನೇ ಮಾಡ್ತೇನೆ."

ಈಗ ಮಜೀದಾಕನ ದನಿ ಇಳಿಯಿತು. "ಒಪ್ಪಿಕೋ ಮಗ. ಮಾಫಿ ಇಲ್ಲದೆ ಮಣ್ಣಿಗಿಟ್ಟರೆ ಅಲ್ಲಿ ಅವರ ಗತಿ ಎಂತ?"

ಗೇಟಿನಾಚೆ ಕಫೀಲನ ಕಾರಿನ ಗಾಜು ಅರ್ಧ ಇಳಿಯಿತು.

ಮುಝಫ್ಫರ್ ಬಗ್ಗಿದ. ಜಾರಿದ್ದ ಅಪ್ಪನನ್ನು ಎರಡೂ ಕೈಯಿಂದ ಸರಿಸಿ ಮಂಚದ ನಡುವಿಗೆ ತಂದ. ತಲೆಯ ಕಡೆಯ ಬಟ್ಟೆ ಸರಿಪಡಿಸಿದ. ಆಮೇಲೆ ನಾಲ್ಕನೆಯ ಮೂಲೆಯಿಂದ ಶಹೀರನ ಬೆರಳುಗಳನ್ನು ಬಿಡಿಸಿ, ಅಲ್ಲಿ ತನ್ನ ಹೆಗಲು ಕೊಟ್ಟ.

"ಬೇಡ," ಎಂದ. "ನಿಮ್ಮ ಮಾಫಿ ನಮಗೆ ಬೇಡ."